‘ಹಿ’ ಎಂದರೆ ಯಾರು? – ಇಂಗ್ಲಿಷ್ ಸರ್ವನಾಮ ಮತ್ತು ಸ್ಪಷ್ಟತೆಯ ಪ್ರಶ್ನೆ

ಇಂಗ್ಲಿಷ್ ಬರಹದಲ್ಲಿ ಏಕವಚನದ ನಾಮಪದಕ್ಕೆ ‘ದೇ’ ಎಂಬ ಸರ್ವನಾಮವನ್ನು ಬಳಸುವುದರ ವಿರುದ್ಧ ಕೇಳಿಬರುವ ಮುಖ್ಯ ಆಕ್ಷೇಪ ಸ್ಪಷ್ಟತೆಗೆ ಸಂಬಂಧಿಸಿದ್ದು. ‘ಹಿ’ ಎಂದರೆ ಎಲ್ಲರೂ ಸೇರುತ್ತಾರೆ, ಅಲ್ಲಿ ಗೊಂದಲವಿಲ್ಲ ಎಂಬುದು ಸಂಪ್ರದಾಯನಿಷ್ಠರ ವಾದ. ಚರಿತ್ರೆ ಈ ವಾದವನ್ನು ಸಮರ್ಥಿಸುವುದಿಲ್ಲ.

ಪುಲ್ಲಿಂಗ ಪದಗಳು ಸ್ತ್ರೀಯರನ್ನೂ ಒಳಗೊಳ್ಳುತ್ತವೆಂದು ಬ್ರಿಟಿಷ್ ಸಂಸತ್ತು 1850ರಲ್ಲಿಯೇ ಕಾಯಿದೆ ಮಾಡಿತ್ತು. ಆದರೆ 1867ರ ಸುಧಾರಣಾ ಮಸೂದೆಯಲ್ಲಿ ‘ಮ್ಯಾನ್’ ಬದಲು ‘ಪರ್ಸನ್’ ಎಂದಿರಲಿ ಎಂಬ ಜಾನ್ ಸ್ಟುವರ್ಟ್ ಮಿಲ್ಲನ ತಿದ್ದುಪಡಿ ಬಿದ್ದುಹೋಯಿತು. ಮರುವರ್ಷವೇ ಚಾರ್ಲ್‌ಟನ್–ಲಿಂಗ್ಸ್ ಮೊಕದ್ದಮೆಯಲ್ಲಿ, ಮತದಾನದ ಮಟ್ಟಿಗೆ ಆ ಪದದಲ್ಲಿ ಸ್ತ್ರೀಯರು ಸೇರುವುದಿಲ್ಲವೆಂದು ನ್ಯಾಯಾಲಯ ತೀರ್ಪಿತ್ತಿತು. ಇಂತಹುದೇ ನಿಯಮ ವಸಾಹತು ಭಾರತದ ಶಾಸನಗಳಲ್ಲಿಯೂ ಇತ್ತು. ಆದರೂ ರೆಜಿನಾ ಗುಹಾ ಅವರನ್ನು ವಕೀಲರಾಗಿ ನೋಂದಾಯಿಸಲು ಕಲ್ಕತ್ತಾ ಉಚ್ಚ ನ್ಯಾಯಾಲಯ 1916ರಲ್ಲಿ ಒಪ್ಪಲಿಲ್ಲ. ಆ ತಡೆಯನ್ನು ನೀಗಲು 1923ರ ಪ್ರತ್ಯೇಕ ಕಾಯಿದೆಯೇ ಬೇಕಾಯಿತು. ಹಕ್ಕಿನ ಪ್ರಶ್ನೆ ಬಂದೊಡನೆ ಸಂಕುಚಿತಗೊಳ್ಳುವ ಪದವನ್ನು ಸ್ಪಷ್ಟವೆನ್ನುವುದು ಹೇಗೆ?

ಏಕವಚನದ ‘ದೇ’ ಹೊಸ ಫ್ಯಾಷನ್ನೇನೂ ಅಲ್ಲ. ಹದಿನಾಲ್ಕನೆಯ ಶತಮಾನದಿಂದಲೂ ಅದರ ಬಳಕೆಯಿದೆ. ಅದನ್ನು ದೋಷವೆಂದು ಸಾರಿದವರು ಬಹುಮಟ್ಟಿಗೆ ಹದಿನೆಂಟನೆಯ ಶತಮಾನದ ಮತ್ತು ಆನಂತರದ ವ್ಯಾಕರಣಕಾರರು. ತಮ್ಮನ್ನು ಗಂಡು ಅಥವಾ ಹೆಣ್ಣೆಂದು ಗುರುತಿಸಿಕೊಳ್ಳದವರಿಗೆ ಸಲ್ಲುವ ಅರ್ಥದಲ್ಲಿ ಮೆರಿಯಮ್–ವೆಬ್‌ಸ್ಟರ್ ನಿಘಂಟು 2019ರಲ್ಲಿ ಅದನ್ನು ದಾಖಲಿಸಿತು. ಒಬ್ಬ ವಿದ್ಯಾರ್ಥಿಯೂ ಹಲವು ಪರೀಕ್ಷಕರೂ ಒಂದೇ ವಾಕ್ಯದಲ್ಲಿ ಬಂದಾಗ ‘ದೇ’ ಯಾರೆಂಬ ಗೊಂದಲ ಏಳುವುದು ನಿಜ. ಇಬ್ಬರು ಗಂಡಸರು ಬಂದಾಗ ‘ಹಿ’ ಕೂಡ ಅಷ್ಟೇ ಗೊಂದಲಕಾರಿ. ಎರಡೂ ಕಡೆ ಮಾಡಬೇಕಾದದ್ದು ನಾಮಪದವನ್ನು ಮತ್ತೊಮ್ಮೆ ಬರೆಯುವುದು ಅಥವಾ ವಾಕ್ಯವನ್ನು ಒಡೆಯುವುದು.

ಇಂಗ್ಲಿಷಿನಿಂದ ಅನುವಾದಿಸುವ ಕನ್ನಡ ಸಂಶೋಧಕರಿಗೂ ಈ ಚರ್ಚೆ ಪ್ರಸ್ತುತ. ‘ಹಿಸ್ ಆರ್ ಹರ್’ ಎಂಬುದನ್ನು ‘ಅವನ ಅಥವಾ ಅವಳ’ ಎಂದು ಎಳೆದುತರುವ ಅಗತ್ಯ ಕನ್ನಡಕ್ಕೆ ಬಹಳ ಕಡೆ ಇಲ್ಲವೇ ಇಲ್ಲ. ‘ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಹೆಸರನ್ನು ಬರೆಯಬೇಕು’ ಎಂಬಲ್ಲಿ ‘ತನ್ನ’ ಎಂಬುದಕ್ಕಾಗಲಿ ‘ಬರೆಯಬೇಕು’ ಎಂಬುದಕ್ಕಾಗಲಿ ಲಿಂಗಸೂಚನೆಯಿಲ್ಲ. ‘ಅವರು’ ಎಂಬುದೂ ಒಬ್ಬ ವ್ಯಕ್ತಿಗೆ ಸಲ್ಲುತ್ತದೆ, ಆದರೆ ‘ದೇ’ಗಿಲ್ಲದ ಗೌರವಾರ್ಥವನ್ನು ಅದು ಹೊತ್ತು ತರುತ್ತದೆಂಬುದನ್ನು ಮರೆಯಲಾಗದು. ವಿಚಿತ್ರವೆಂದರೆ, ಲಿಂಗಸೂಚನೆಯಿಲ್ಲದ ‘ರೀಡರ್’ ಎಂಬ ಪದ ವಿಮರ್ಶೆಯ ಅನುವಾದಗಳಲ್ಲಿ ‘ಓದುಗನು’ ಆಗಿಬಿಡುವುದು ಇನ್ನೂ ನಿಂತಿಲ್ಲ. ‘ಓದುಗರು’ ಎಂದು ಬರೆಯಲು ಕನ್ನಡದ ಯಾವ ವ್ಯಾಕರಣವೂ ಅಡ್ಡಬರುವುದಿಲ್ಲ.