ಹೊಳೆ ನೋಡೋಕೆ ಕಾರ್ ಕೀ ಬೇಕಾಗಿಲ್ಲ

1/9
(ಫೋಟೋ: ಬಸ್ ಕಿಟಕಿ, ಆಚೆ ಕಾವೇರಿ. ಸ್ವಲ್ಪ ಅಲುಗಾಡಿದೆ, ಹೊಂದಿಸ್ಕೊಳ್ಳಿ.)

ಹೋದ ಭಾನುವಾರ ಮೈಸೂರಿಂದ ಶ್ರೀರಂಗಪಟ್ಟಣದ ಕಡೆ ಬಸ್ಸಲ್ಲಿ ಹೋಗ್ತಿದ್ವಿ. ನಾನು, ನನ್ನ ಕ್ಲಾಸಿನ ಇಬ್ಬರು ಹುಡುಗೀರು. ಬ್ಯಾಗಲ್ಲಿ ನೀರು, ಚಿತ್ರಾನ್ನದ ಡಬ್ಬಿ, ಒಂದು ಹಳೇ ಬೈನಾಕ್ಯುಲರ್. ಹಿಂದಿನ ಸೀಟಲ್ಲಿ ಕೂತಿದ್ದ ಒಬ್ಬರು ಎಲ್ಲಿಗೆ ಅಂತ ಕೇಳಿದ್ರು. "ಹೊಳೆ ನೋಡೋಕೆ" ಅಂದೆ. "ಅಲ್ಲಿ ಏನು ಕೆಲಸ?" "ಏನೂ ಇಲ್ಲ, ನಡೀತೀವಿ ಅಷ್ಟೇ."

ಆಮೇಲೆ ಅವರು ನಮಗೆ ಹೇಳಲಿಲ್ಲ, ಪಕ್ಕದವರಿಗೆ ಹೇಳಿದ್ರು. ಆದ್ರೆ ನಮಗೆ ಕೇಳ್ಲಿ ಅಂತಲೇ ಹೇಳಿದ್ರು: "ಆಧಾರ್ ಕಾರ್ಡ್ ಒಂದು ಇದ್ರೆ ಸಾಕು, ಇಡೀ ಕರ್ನಾಟಕ ಇವರದ್ದೇ. ಕೆಲಸ ಇಲ್ಲ, ಕಾರ್ಯ ಇಲ್ಲ."

ಆಗ ನಾನು ಸುಮ್ಮನಿದ್ದೆ. ಈಗ ಒಂಬತ್ತು ಪೋಸ್ಟಲ್ಲಿ ಉತ್ತರ ಕೊಡ್ತಿದೀನಿ. ಸಾರ್, ನೀವು ಹೇಳಿದ್ದು ಎರಡೂ ನಿಜ. ಇಡೀ ಕರ್ನಾಟಕ ನಮ್ಮದೇ. ಆವತ್ತು ನಮಗೆ ಕೆಲಸ ಇರಲಿಲ್ಲ, ಅದೂ ಹೌದು. ಅದರಲ್ಲಿ ತಪ್ಪೇನು ಅನ್ನೋದಷ್ಟೇ ನನ್ನ ಪ್ರಶ್ನೆ.

2/9
(ಫೋಟೋ: ತಿರುಮಕೂಡಲು, ಅಮ್ಮನ ಪಾದ, ನೀರು.)

ನಮ್ಮಮ್ಮ ಮದುವೆಯಾಗಿ ಮೈಸೂರಿಗೆ ಬಂದು ಇಪ್ಪತ್ತೆರಡು ವರ್ಷ. ಇಷ್ಟು ವರ್ಷದಲ್ಲಿ ಊರು ಬಿಟ್ಟು ಹೊರಗೆ ಹೋಗಿದ್ದು ಮೂರೇ ಕಾರಣಕ್ಕೆ: ಮದುವೆ, ಸಾವು, ಹರಕೆ. ಕಾರಣ ಇಲ್ಲದೆ ಹೋಗಬಹುದು ಅನ್ನೋದೇ ಅವಳ ತಲೇಲಿ ಇರಲಿಲ್ಲ. ಟಿಕೆಟ್ ದುಡ್ಡು ಕೇಳಬೇಕು ಅಂದ್ರೆ ಯಾಕೆ ಅಂತ ಹೇಳಬೇಕು. "ಹೊಳೆ ನೋಡ್ಬೇಕು" ಅನ್ನೋದು ನಮ್ಮನೇಲಿ ಕಾರಣದ ಲೆಕ್ಕಕ್ಕೆ ಬರಲ್ಲ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯ್ತು. ಮೊದಲ ಆರು ತಿಂಗಳು ಅಮ್ಮ ಆ ಟಿಕೆಟಲ್ಲಿ ಹೋಗಿದ್ದೂ ನೆಂಟರ ಮನೆಗೇ. ಆಮೇಲೊಂದು ದಿನ ನಾನು ಎಳೆದುಕೊಂಡು ತಿ. ನರಸೀಪುರಕ್ಕೆ ಕರ್ಕೊಂಡು ಹೋದೆ. ಕಾವೇರಿಗೆ ಕಪಿಲೆ ಬಂದು ಸೇರೋ ಜಾಗ. ಬಸ್ ಸ್ಟ್ಯಾಂಡಿಂದ ನಡೆದೇ ಹೋಗಬಹುದು.

ದೇವಸ್ಥಾನ ಆಯ್ತು, ಇನ್ನು ಹೊರಡೋಣ ಅಂತ ನಾನೇ ಎದ್ದೆ. ಅಮ್ಮ ಕಲ್ಲಿನ ಮೇಲಿಂದ ಏಳಲಿಲ್ಲ. "ಇರು, ಇನ್ನೂ ಸ್ವಲ್ಪ ಹೊತ್ತು ಸುಮ್ನೆ ಕೂತಿರ್ತೀನಿ" ಅಂದಳು. ಅಮ್ಮನ ಬಾಯಲ್ಲಿ "ಸುಮ್ನೆ" ಅನ್ನೋ ಪದವನ್ನ ಅವತ್ತೇ ನಾನು ಮೊದಲ ಸಲ ಕೇಳಿದ್ದು.

ಬಸ್ಸಿನ ಸಾರ್ "ಕೆಲಸ ಇಲ್ಲ" ಅಂತ ಬೈದಿದ್ದು ಇದಕ್ಕೇ. ಗಂಡಸರು ಬೈಕ್ ತಗೊಂಡು ಸಂಜೆ ಬಲಮುರಿ ಕಡೆ ಹೋಗಿ ಬಂದ್ರೆ ಅದಕ್ಕೆ "ರೈಡ್" ಅಂತ ಹೆಸರು. ನಮ್ಮಮ್ಮ ಹೋಗಿ ಕೂತ್ರೆ ಬಿಟ್ಟಿ ತಿರುಗಾಟ.

3/9
(ಫೋಟೋ: ಝೀರೋ ಟಿಕೆಟ್, ನನ್ನ ಅಕೌಂಟ್ಸ್ ನೋಟ್‌ಬುಕ್ ಮೇಲೆ.)

ಬಿಕಾಂ ಓದ್ತಿರೋಳು, ಲೆಕ್ಕ ಬಿಟ್ಟು ಮಾತಾಡಲ್ಲ.

"ಬಿಟ್ಟಿ" ಅನ್ನೋದು ತಪ್ಪು ಎಂಟ್ರಿ. ನಮ್ಮ ಟಿಕೆಟಿನ ದುಡ್ಡು ಸರ್ಕಾರ ನಿಗಮಗಳಿಗೆ ಕೊಡಬೇಕಾದದ್ದು, ಅದು ತೆರಿಗೆ ದುಡ್ಡು. ಅಮ್ಮ ಸೋಪು ಕೊಂಡ್ರೂ ತೆರಿಗೆ ಕಟ್ತಾಳೆ. ಹೆದ್ದಾರಿ ಕಟ್ಟಿದ್ದೂ ಜನರ ದುಡ್ಡಿಂದಲೇ. ಅದರ ಮೇಲೆ ಕಾರಲ್ಲಿ ಹೋಗೋರಿಗೆ "ಟೋಲ್ ಕಟ್ತೀವಿ" ಅನ್ನೋ ಸಮಾಧಾನ ಇದೆ. ಸರಿ. ಆದ್ರೆ ಹೊಳೆ ದಡದಲ್ಲಿ ಕಾರ್ ನಿಲ್ಲಿಸೋ ಜಾಗ? ಅಷ್ಟಗಲ ನೆಲ ಒಬ್ಬರಿಗೆ ಕಾಯ್ದಿಡೋದು ಯಾವ ಖಾತೇಲಿ ಬರೀತೀರಿ?

ಒಂದು ಮಾತು ಒಪ್ಕೋತೀನಿ. 2025ರ ಜನವರಿ 5ರಿಂದ ಬಸ್ ದರ ಶೇ. 15 ಏರಿತು. ಅದನ್ನ ಕೈಯಿಂದ ಕಟ್ತಿರೋದು ನನ್ನ ತಮ್ಮನಂಥೋರು. ಅವನ ಸ್ಟೂಡೆಂಟ್ ಪಾಸು ಮನೆಯಿಂದ ಕಾಲೇಜಿಗಷ್ಟೇ. ಅವನಿಗೂ ಹೊಳೆ ನೋಡೋ ಆಸೆ ಇದೆ. ಹಾಗಾಗಿ "ಹುಡುಗೀರಿಗೆ ಮಾತ್ರ ಯಾಕೆ" ಅನ್ನೋ ಸಿಟ್ಟು ನನಗೆ ಅರ್ಥ ಆಗುತ್ತೆ. ಆದ್ರೆ ಆ ಸಿಟ್ಟಿಗೆ ಉತ್ತರ ಅವನಿಗೂ ಅಗ್ಗದ ಪಾಸು ಕೊಡಿ ಅಂತ ಕೇಳೋದು. ನಮ್ಮನ್ನ ಬಸ್ಸಿಂದ ಇಳಿಸೋದಲ್ಲ.

4/9
(ಫೋಟೋ: ಕಲ್ಲಿನ ಕಂಬದ ಹಳೇ ಸೇತುವೆ.)

ಈಗ ಮುಖ್ಯ ವಿಷಯ. "ಕಾರ್ ಇಲ್ಲ, ಅದಕ್ಕೇ ಪಾಪ ಬಸ್ಸಲ್ಲಿ ಹೋಗ್ತಾರೆ" ಅಂತ ನೀವು ಅಂದ್ಕೊಂಡಿದ್ರೆ, ಉಲ್ಟಾ. ಹೊಳೆ ನೋಡೋಕೆ ಕಾರಿಗಿಂತ ಬಸ್ಸೇ ಒಳ್ಳೇದು.

ಹೊಳೆ ಅನ್ನೋದು ಒಂದು ಜಾಗ ಅಲ್ಲ, ಒಂದು ದಾರಿ. ಅದು ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತೆ. ಅದರ ಜೊತೆ ನಾವೂ ಒಂದು ಕಡೆ ಇಳಿದು ಇನ್ನೊಂದು ಕಡೆ ಹತ್ತಬೇಕು. ಕಾರ್ ತಂದೋನಿಗೆ ಅದು ಆಗಲ್ಲ. ಅವನು ಅರ್ಧ ಕಿಲೋಮೀಟರ್ ನಡೆದ್ರೂ ವಾಪಸ್ ಕಾರ್ ಹತ್ರವೇ ಬರಬೇಕು. ಗೂಟಕ್ಕೆ ಕಟ್ಟಿದ ಹಸು ಎಷ್ಟು ದೂರ ಮೇಯುತ್ತೋ ಅಷ್ಟೇ.

ನಾವು ಆವತ್ತು ಪಶ್ಚಿಮವಾಹಿನಿಯಲ್ಲಿ ಇಳಿದ್ವಿ. ಶ್ರೀರಂಗಪಟ್ಟಣ ದ್ವೀಪ, ಗೊತ್ತಲ್ವಾ? ಕಾವೇರಿ ಎರಡು ಕವಲಾಗಿ ಊರನ್ನ ಸುತ್ತಿ, ಗಂಜಾಮ್ ಆಚೆ ಸಂಗಮದಲ್ಲಿ ಮತ್ತೆ ಒಂದಾಗುತ್ತೆ. ಮೈಸೂರು ಕಡೆಯ ಕವಲು ದಾಟಿ, ಕೋಟೆಯೊಳಗೆ ನಡೆದು, ಉತ್ತರದ ಕವಲಿಗೆ ಬಂದ್ವಿ. ಅಲ್ಲಿದೆ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆ. ಆಮೇಲೆ ಕಿರಂಗೂರು ಕಡೆ ನಡೆದು ಬಸ್ ಹತ್ತಿದ್ವಿ. ದ್ವೀಪ ಅಂತ ಪುಸ್ತಕದಲ್ಲಿ ಓದಿದ್ದೆ, ಕಾಲಿಗೆ ಗೊತ್ತಾಗಿದ್ದು ಆವತ್ತು. ಒಂದು ನೀರು ದಾಟಿ ಒಳಗೆ ಬಂದೆ, ಇನ್ನೊಂದು ನೀರು ದಾಟಿ ಹೊರಗೆ ಹೋದೆ.

ಕಾರಲ್ಲಿ ಹೋಗಿದ್ರೆ? ದೇವಸ್ಥಾನದ ಪಾರ್ಕಿಂಗ್, ದರಿಯಾ ದೌಲತ್ ಪಾರ್ಕಿಂಗ್, ಸಂಗಮದ ಪಾರ್ಕಿಂಗ್. ಮೂರು ಚುಕ್ಕಿ. ಗೆರೆ ಕಾಣೋದೇ ಇಲ್ಲ.

5/9
(ಫೋಟೋ: ಬಸ್ ಸ್ಟ್ಯಾಂಡಿನ ಬೋರ್ಡು.)

ಬಸ್ಸಿನ ಬೋರ್ಡನ್ನ ಒಂದ್ಸಲ ನಿಧಾನಕ್ಕೆ ಓದಿ. ಅರಸೀಕೆರೆ. ತರೀಕೆರೆ. ಹೊಳಲ್ಕೆರೆ. ಹೇಮಾವತಿ ದಡದ ಹೊಳೆನರಸೀಪುರ. ಹಳ್ಳಿ ಸ್ಟಾಪುಗಳು ಇನ್ನೂ ಚೆಂದ: ಕೆರೆ ಏರಿ, ಕೋಡಿ, ಸೇತುವೆ, ತೋಪು. ಜೌಗು ಪ್ರದೇಶ ಅನ್ನೋ ಪದ ಪರೀಕ್ಷೆಗೆ ಬಾಯಿಪಾಠ ಮಾಡಿದ್ದು. ಅದು ಎಲ್ಲಿದೆ ಅಂತ ಹೇಳಿದ್ದು ಕಂಡಕ್ಟರ್: "ಕೆರೆ ಹಿಂದಗಡೆ ಇಳೀರಿ, ಹಕ್ಕಿ ಇರೋದು ಅಲ್ಲೇ."

ನಿಜವಾದ ಪಟ್ಟಿ ಬೇಕಾ? ಕರ್ನಾಟಕದ ನಾಲ್ಕು ಜಾಗ ರಾಮ್ಸಾರ್ ಪಟ್ಟಿಯಲ್ಲಿವೆ, ಅಂದ್ರೆ ಅಂತಾರಾಷ್ಟ್ರೀಯ ಮಹತ್ವದ ಜೌಗು ನೆಲ. 2022ರಲ್ಲಿ ರಂಗನತಿಟ್ಟು. 2024ರಲ್ಲಿ ಇನ್ನೂ ಮೂರು: ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ, ಗದಗ ಜಿಲ್ಲೆಯ ಮಾಗಡಿ ಕೆರೆ, ಕುಮಟಾ ಹತ್ರದ ಅಘನಾಶಿನಿ ಅಳಿವೆ. ಚಳಿಗಾಲದಲ್ಲಿ ಮಾಗಡಿ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತು ಬರುತ್ತೆ. ಅಷ್ಟು ದೂರದಿಂದ ಅದು ಬರುತ್ತಂತೆ, ನಮಗೆ ಗದಗದಿಂದ ಹೋಗೋಕೆ ಕಾರ್ ಬೇಕಂತೆ!

ಇನ್ನು ಮಂಡಗದ್ದೆ. ಶಿವಮೊಗ್ಗ–ತೀರ್ಥಹಳ್ಳಿ ರಸ್ತೆ ಪಕ್ಕದಲ್ಲೇ ತುಂಗೆ, ತುಂಗೆ ನಡುವೆ ಹಕ್ಕಿ ತುಂಬಿದ ನಡುಗಡ್ಡೆ. ಬಸ್ಸಿಳಿದ್ರೆ ಹೊಳೆ.

6/9
(ಫೋಟೋ: ಹುಣಸೆ ಮರ. ಮೇಲೆ ಕಾಣ್ತಿರೋದು ಹಣ್ಣಲ್ಲ, ಹೆಜ್ಜಾರ್ಲೆ.)

ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರು. ಶಿಂಷಾ ನದಿ ಹತ್ರದ ಹಳ್ಳಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಇಲ್ಲಿ ಕಾಡಲ್ಲಿ ಗೂಡು ಕಟ್ಟಲ್ಲ, ಮನೆ ಮುಂದಿನ ಮರದಲ್ಲಿ ಕಟ್ಟುತ್ತೆ. 2007ರಲ್ಲಿ ಇದನ್ನ ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿದ್ರು. ಅದಕ್ಕೂ ಎಷ್ಟೋ ಮುಂಚೆಯಿಂದ ಕಾಪಾಡಿದ್ದು ಊರಿನವರು. ಹಕ್ಕಿ ಬಂದ್ರೆ ಊರಿಗೆ ಒಳ್ಳೇದು ಅನ್ನೋದು ಅವರ ನಂಬಿಕೆ.

ಇಂಥ ಊರಿಗೆ ಭಾನುವಾರ ಸಾಲಾಗಿ ಕಾರ್ ನುಗ್ಗಿದ್ರೆ ಏನಾಗುತ್ತೆ, ನೀವೇ ಯೋಚಿಸಿ. ಮರದ ಕೆಳಗೇ ಪಾರ್ಕಿಂಗ್, ಹಾರ್ನ್, ರಿವರ್ಸ್ ಹಾಡು. ಬಸ್ಸಲ್ಲಿ ಐವತ್ತು ಜನ ಬಂದ್ರೂ ಬರೋದು ಒಂದೇ ಗಾಡಿ. ಅದೂ ನಮ್ಮನ್ನ ಇಳಿಸಿ ಹೋಗಿಬಿಡುತ್ತೆ.

ಬೆಂಗಳೂರಿನ ಫ್ರೆಂಡ್ಸ್, ನಿಮಗೂ ಒಂದು ಮಾತು. 2023ರ ಮಾರ್ಚಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದಮೇಲೆ "ಒಂದೂವರೆ ಗಂಟೇಲಿ ಮೈಸೂರು" ಅಂತ ಸ್ಟೋರಿ ಹಾಕ್ತೀರಿ. ಆ ಒಂದೂವರೆ ಗಂಟೇಲಿ ಅರ್ಕಾವತಿ, ಕಣ್ವ, ಶಿಂಷಾ, ಲೋಕಪಾವನಿ, ಕಾವೇರಿ ಎಲ್ಲ ದಾಟಿರ್ತೀರಿ. ಒಂದರ ಹೆಸರಾದ್ರೂ ನೆನಪಿದ್ಯಾ? ರಾಮನಗರ, ಚನ್ನಪಟ್ಟಣ, ಮದ್ದೂರು ಊರೊಳಗೆ ಹೋಗೋ ಕೆಂಪು ಬಸ್ ಹತ್ತಿ ನೋಡಿ. ನಿಧಾನ ಹೌದು. ಆದ್ರೆ ಸೇತುವೆ ಬಂದಾಗ ಕಿಟಕೀಲಿ ನೀರು ಕಾಣುತ್ತೆ. ನೀರು ಇಲ್ಲದಿದ್ರೆ ಕೊಳಕು ಕಾಣುತ್ತೆ, ಮೂಗಿಗೂ ಬಡಿಯುತ್ತೆ. ಅದನ್ನೂ ನೋಡಬೇಕು. ನೋಡದೇ ಇರೋರು ಹೊಳೆ ಪರವಾಗಿ ಏನು ಮಾತಾಡ್ತಾರೆ?

7/9
(ಫೋಟೋ: ಖಾಲಿ ಸ್ಟಾಪು. ಬಸ್ಸಿಗೆ 50 ನಿಮಿಷ ಕಾದಿದ್ದು.)

ನಿಮ್ಮ ತಕರಾರುಗಳನ್ನ ನಾನೇ ಹೇಳ್ತೀನಿ.

"ಟೈಮ್ ವೇಸ್ಟ್." ಹೌದು, ಬಸ್ ಕಾಯಬೇಕು. ಮೇಲಿನ ಫೋಟೋದ 50 ನಿಮಿಷದಲ್ಲಿ ಒಂದು ಮಿಂಚುಳ್ಳಿ ನಾಲ್ಕು ಸಲ ನೀರಿಗೆ ಬಿದ್ದು ಎದ್ದಿದ್ದು ನೋಡಿದ್ವಿ. ಕಾರ್ ಇದ್ದಿದ್ರೆ ಅಷ್ಟೊತ್ತಿಗೆ ಟೋಲಲ್ಲಿ ನಿಂತಿರ್ತಿದ್ವಿ.

"ಹುಡುಗೀರಿಗೆ ಸೇಫ್ ಅಲ್ಲ." ಈ ಮಾತಿಗೆ ನನ್ನ ಹತ್ರ ಜೋಕ್ ಇಲ್ಲ. ಕತ್ತಲಾದಮೇಲೆ ಖಾಲಿ ಸ್ಟಾಪಲ್ಲಿ ನಿಲ್ಲೋದಕ್ಕೆ ನನಗೂ ಭಯ. ಒಂದೂರಲ್ಲಿ ಸಂಜೆ ಬರಬೇಕಾದ ಬಸ್ ಬರಲೇ ಇಲ್ಲ. ಅಲ್ಲೇ ಟ್ಯೂಷನ್ ಮುಗಿಸಿ ನಿಂತಿದ್ದ ಒಂಬತ್ತನೇ ಕ್ಲಾಸಿನ ಹುಡುಗಿ, "ಅಕ್ಕ, ವಾರದಲ್ಲಿ ಎರಡು ದಿನ ಹಿಂಗೇ" ಅಂದಳು. ಅವಳಪ್ಪ ಟಿವಿಎಸ್‌ನಲ್ಲಿ ಬಂದು ಅವಳನ್ನ ಕರ್ಕೊಂಡು ಹೋದ್ರು, ನಮಗೂ ಒಂದು ಆಟೋ ಮಾಡಿಕೊಟ್ರು. ನಮಗೆ ಅದು ಒಂದು ದಿನದ ಕಷ್ಟ. ಅವಳಿಗೆ ವರ್ಷವಿಡೀ. ಭಯಕ್ಕೆ ಮದ್ದು ನಾವು ಮನೇಲಿರೋದಾ, ಬಸ್ ಸರಿಯಾಗಿ ಬರೋದಾ?

"ಸೀಟೇ ಸಿಗಲ್ಲ, ನೀವು ಬೇರೆ ತಿರುಗಾಟಕ್ಕೆ ಬರ್ತೀರಾ." ರಶ್ ಇರೋ ಹೊತ್ತಲ್ಲಿ ನಾವು ನಿಂತೇ ಹೋಗ್ತೀವಿ. ಬಾಳೆಗೊನೆ ಹಿಡಿದ ಅಜ್ಜಿಗೆ ನನ್ನ ಸೀಟು ಯಾವಾಗಲೂ ಖಾಲಿ. ಆದ್ರೆ ಬಸ್ ಸಾಲದು ಅನ್ನೋದು ಬಸ್ ಹೆಚ್ಚು ಮಾಡೋಕೆ ಕಾರಣ. ಜನ ಕಡಿಮೆ ಮಾಡೋಕೆ ಅಲ್ಲ.

8/9
(ಫೋಟೋ: ಮೊಸಳೆ. ಝೂಮ್ ಮಾಡಿದ್ದು, ಹತ್ರ ಹೋಗಿದ್ದಲ್ಲ!)

ಹೋಗೋರಿಗೆ ನನ್ನ ನಿಯಮ. ದಯವಿಟ್ಟು ಸೇವ್ ಮಾಡ್ಕೊಳ್ಳಿ.

ಬಸ್ಸಿಳಿದ ತಕ್ಷಣ ವಾಪಸ್ ಕೊನೇ ಬಸ್ ಎಷ್ಟು ಹೊತ್ತಿಗೆ ಅಂತ ಇಬ್ಬರನ್ನ ಕೇಳಿ: ಕಂಡಕ್ಟರ್, ಟೀ ಅಂಗಡಿಯವರು. ಇಬ್ಬರ ಉತ್ತರ ಬೇರೆ ಆದ್ರೆ ಮುಂಚಿನದ್ದನ್ನ ನಂಬಿ. ಕೊನೇ ಬಸ್ಸಿಗೆ ಹೋಗ್ಬೇಡಿ, ಅದರ ಹಿಂದಿನದ್ದಕ್ಕೆ ಹೋಗಿ.

ನೀರಿಗೆ ಇಳೀಬೇಡಿ. ಕಾವೇರಿಯಲ್ಲಿ ಮೊಸಳೆ ಇದೆ, ಸುಳಿ ಇದೆ. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ರೆ ಕಲ್ಲಿನ ಮೇಲೆ ಕೂತೋರಿಗೆ ಏಳೋಕೂ ಟೈಮ್ ಇರಲ್ಲ. ರೀಲ್ಸಿಗೆ ಅಂತ ಜೀವ ಕಳ್ಕೊಂಡ ಸುದ್ದಿ ಸಾಕು.

ಗದ್ದೆ ಬದು ಯಾರದ್ದೋ ಅನ್ನ. ಕೇಳಿ ನಡೀರಿ. ಗೂಡಿನ ಕೆಳಗೆ ಕಿರುಚಬೇಡಿ, ಡ್ರೋನ್ ಬೇಡ. ನಿಮ್ಮ ಕಸ ನಿಮ್ಮ ಬ್ಯಾಗಲ್ಲಿ.

ಕೊನೇದು, ಬಹಳ ಮುಖ್ಯ: ಝೀರೋ ಟಿಕೆಟ್ ಕೇಳಿ ತಗೊಳ್ಳಿ. ಲೆಕ್ಕ ಆಗೋದು ಟಿಕೆಟ್, ತಲೆ ಅಲ್ಲ. ನೀವು ತಗೊಳ್ಳದಿದ್ರೆ ಆ ಟ್ರಿಪ್ಪಲ್ಲಿ ನೀವು ಇರಲೇ ಇಲ್ಲ ಅಂತ ಅರ್ಥ. ಜನವೇ ಇಲ್ಲದ ಟ್ರಿಪ್ ಯಾಕೆ ಬೇಕು ಅಂತ ನಾಳೆ ಯಾರಾದ್ರೂ ಕೇಳ್ತಾರೆ.

9/9
(ಫೋಟೋ: ಮತ್ತೆ ಅದೇ ಕಿಟಕಿ. ಈ ಸಲ ಅಮ್ಮ.)

ಸಲೀಂ ಅಲಿ ಹೇಳಿದ್ದಕ್ಕೆ ಮೈಸೂರಿನ ಮಹಾರಾಜರು 1940ರಲ್ಲಿ ರಂಗನತಿಟ್ಟನ್ನ ಪಕ್ಷಿಧಾಮ ಮಾಡಿದ್ರು. ಹಕ್ಕಿಗೆ ಜಾಗ ಬೇಕು ಅಂತ ಆಗಲೇ ಒಪ್ಪಿದ ಊರು ನಮ್ಮದು. ಆ ಹಕ್ಕಿ ನೋಡೋಕೆ ಅಮ್ಮಂದಿರಿಗೂ ದಾರಿ ಬೇಕು ಅಂತ ಒಪ್ಪೋಕೆ ಇನ್ನೆಷ್ಟು ದಿನ?

ನಾನು ಕೇಳೋದು ಕೇಬಲ್ ಕಾರ್ ಅಲ್ಲ, ಗಾಜಿನ ಸೇತುವೆ ಅಲ್ಲ. ಪ್ರವಾಸದ ದುಡ್ಡಲ್ಲಿ ಮೊದಲು ಪಾರ್ಕಿಂಗ್ ಅಲ್ಲ, ಸ್ಟಾಪು ಕಟ್ಟಿ. ಸ್ಟಾಪಲ್ಲಿ ನೆರಳು, ದೀಪ, ಬಸ್ ಹೊತ್ತು ಬರೆದ ಬೋರ್ಡು, ಒಂದು ಶೌಚಾಲಯ. ಭಾನುವಾರ ಸಂಜೆ ಇನ್ನೊಂದು ಟ್ರಿಪ್. ಆ ಟ್ರಿಪ್ಪಲ್ಲಿ ನಾವು ಹೊಳೆ ನೋಡಿ ವಾಪಸ್ ಬರ್ತೀವಿ. ಆ ಒಂಬತ್ತನೇ ಕ್ಲಾಸಿನ ಹುಡುಗೀಗೆ ಸೋಮವಾರದಿಂದ ಶನಿವಾರದವರೆಗೂ ಅದೇ ಟ್ರಿಪ್ ಬೇಕು. ನಮ್ಮಿಬ್ಬರ ಬಸ್ ಒಂದೇ.

ನಿಮಗೆ ಹೇಳೋದು ಇಷ್ಟೇ. ಕಾರ್ ಇದ್ರೂ ಒಂದು ಭಾನುವಾರ ಮನೇಲಿ ಬಿಡಿ. ಅಮ್ಮನ್ನೋ ಅಜ್ಜೀನೋ ಜೊತೆಗೆ ಕರ್ಕೊಳ್ಳಿ. ಎಲ್ಲಿಗೆ, ಏನು ಕೆಲಸ ಅಂತ ಬಸ್ಸಲ್ಲಿ ಯಾರಾದ್ರೂ ಕೇಳ್ತಾರೆ, ಗ್ಯಾರಂಟಿ. ನಾನು ಸುಮ್ಮನಿದ್ದ ಹಾಗೆ ಸುಮ್ಮನಿರಬೇಡಿ.

ಮೊನ್ನೆ ಕಂಡಕ್ಟರ್ ಎಲ್ಲಿಗಮ್ಮಾ ಅಂತ ಕೇಳಿದಾಗ ಅಮ್ಮನೇ ನನಗಿಂತ ಮುಂಚೆ ಹೇಳಿಬಿಟ್ಟಳು: "ಪಶ್ಚಿಮವಾಹಿನಿ, ಎರಡು. ಸುಮ್ನೆ ಹೋಗ್ತಿದೀವಿ."

#ಬಸ್ಸಲ್ಲಿಹೊಳೆ #ಸುಮ್ನೆಹೋಗೋಣ #ಝೀರೋಟಿಕೆಟ್ #ಕಾವೇರಿ #ಕೆಂಪುಬಸ್