ಕೊರಳಲ್ಲಿ ಕೊಳವೆ, ಕೈಯಲ್ಲಿ ಇಂಗ್ಲಿಷ್ ಚೀಟಿ!

ಆಸ್ಪತ್ರೆಯ ಬೋರ್ಡಿನಲ್ಲಿ ಶೇ. 60 ಕನ್ನಡವಿರಬೇಕೆಂದು 2024ರಲ್ಲಿ ಕಾನೂನು ಬಂತು. ಸಂತೋಷ. ಒಳಗೆ ಕೊಡುವ ಡಿಸ್ಚಾರ್ಜ್ ಚೀಟಿಯಲ್ಲಿ ಶೇಕಡಾ ಎಷ್ಟು ಕನ್ನಡವಿದೆ ಸ್ವಾಮಿ?

ಬೋರ್ಡು ಓದಲು ಬಾರದಿದ್ದರೆ ಯಾರೂ ಸಾಯುವುದಿಲ್ಲ. ಚೀಟಿ ಓದಲು ಬಾರದಿದ್ದರೆ ಮಗು ಸಾಯಬಹುದು! ಶ್ವಾಸನಾಳ ಕಿರಿದಾದ ಎಳೆಮಕ್ಕಳಿಗೆ ಡಾಕ್ಟರು ಕುತ್ತಿಗೆಯಲ್ಲಿ ರಂಧ್ರ ಮಾಡಿ ಕೊಳವೆ ಇಡುತ್ತಾರೆ. ಇದೇ ಟ್ರೆಕಿಯಾಸ್ಟಮಿ. ಮಗುವಿನ ಉಸಿರೆಲ್ಲ ಆ ಕೊಳವೆಯಲ್ಲಿ. ಅನೇಕ ಮಕ್ಕಳು ಅತ್ತರೂ ದನಿ ಕೇಳಿಸದು. ನಡುರಾತ್ರಿ ಕಫ ಕಟ್ಟಿದರೆ ಕೂಗಿ ಎಬ್ಬಿಸಲೂ ಆಗದು. ಆಗ ಪಕ್ಕದಲ್ಲಿ ನರ್ಸ್ ಇರುವುದಿಲ್ಲ, ಅವ್ವ ಇರುತ್ತಾಳೆ.

ನಮ್ಮ ಪ್ರೆಸ್ಸಿನ ಬೈಂಡರನ ಮಗುವನ್ನು ದೊಡ್ಡ ಆಸ್ಪತ್ರೆಯೊಂದು ನಾಲ್ಕು ಪುಟದ ಇಂಗ್ಲಿಷ್ ಕೊಟ್ಟು ಮನೆಗೆ ಕಳಿಸಿತು. ಪಿಯುಸಿ ಓದಿದ ನಾನು ಡಿಕ್ಷನರಿ ಹಿಡಿದು ಓದಿದೆ; ಪರಿಚಯದ ನರ್ಸಮ್ಮನನ್ನು ಕೇಳಿ ಖಚಿತ ಮಾಡಿಕೊಂಡೆ. ಅದರಲ್ಲೇನು ಬ್ರಹ್ಮವಿದ್ಯೆ ಇತ್ತೇ?

ಸಕ್ಷನ್ ನಳಿಕೆಯನ್ನು ಕೊಳವೆಯ ತುದಿಗಿಂತ ಆಳಕ್ಕೆ ಬಿಡಬೇಡಿ. ಒಂದು ಸಲಕ್ಕೆ 5ರಿಂದ 10 ಸೆಕೆಂಡು ಸಾಕು. ಕುತ್ತಿಗೆಯ ಪಟ್ಟಿಯೊಳಗೆ ಒಂದೇ ಬೆರಳು ಹಿಡಿಸುವಷ್ಟು ಬಿಗಿ ಇರಲಿ. ಅದೇ ಅಳತೆಯದೊಂದು, ಒಂದು ಅಳತೆ ಚಿಕ್ಕದೊಂದು, ಎರಡು ಬದಲಿ ಕೊಳವೆ ಮಗುವಿನ ಪಕ್ಕದಲ್ಲೇ ಇರಲಿ, ಬೀರುವಿನಲ್ಲಲ್ಲ. ಪೌಡರು, ಊದುಬತ್ತಿ ಹೊಗೆ ಬೇಡ. ಸ್ನಾನದ ನೀರು ಕೊಳವೆಗೆ ಹೋಗಬಾರದು. ಕರೆಂಟ್ ಹೋದಾಗ ಕಾಲಲ್ಲಿ ತುಳಿಯುವ ಸಕ್ಷನ್ ಯಂತ್ರ ಬೇಕು. ಕಫ ತೆಗೆದರೂ ಉಸಿರು ಬರದಿದ್ದರೆ ಕೊಳವೆಯನ್ನು ಕೂಡಲೇ ಬದಲಿಸಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಇಷ್ಟೇ! ಇದರಲ್ಲಿ ಕನ್ನಡಕ್ಕೆ ಬಗ್ಗದ ಮಾತು ಯಾವುದು? ತಾಂತ್ರಿಕ ಪದಗಳಿಗೆ ಕನ್ನಡವಿಲ್ಲ ಎಂಬುದು ಸೋಮಾರಿಗಳ ನೆಪ. ಸಕ್ಷನ್ ಅನ್ನು ಸಕ್ಷನ್ ಎಂದೇ ಬರೆಯಿರಿ. ಯಾವಾಗ, ಎಷ್ಟು, ಹೇಗೆ ಎಂಬುದನ್ನು ಕನ್ನಡದಲ್ಲಿ ಹೇಳಿ. 'ಬಾಯಲ್ಲಿ ಹೇಳಿದ್ದೇವಲ್ಲ' ಅನ್ನುತ್ತಾರೆ. ರಾತ್ರಿ ಎರಡು ಗಂಟೆಗೆ ನೆನಪು ಕೈಕೊಡುತ್ತದೆ, ಗೋಡೆಗೆ ಅಂಟಿಸಿದ ಹಾಳೆ ಕೈಕೊಡುವುದಿಲ್ಲ.

ರೋಗಿಗೆ ತಿಳಿಯುವ ಭಾಷೆಯಲ್ಲೇ ವಿವರಿಸಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು ಹೇಳುತ್ತದೆ. ಇದು ಭಿಕ್ಷೆಯಲ್ಲ, ಹಕ್ಕು!

ಕನ್ನಡದ ಯುವಕರೇ, ಬೋರ್ಡಿಗೆ ಮಸಿ ಬಳಿದದ್ದು ಸಾಕು, ಒಳಗೆ ಬನ್ನಿ. ನಿಮ್ಮ ಬೀದಿಯ ಮಗು ಡಿಸ್ಚಾರ್ಜ್ ಆಗುವ ದಿನ ಜೊತೆಗೆ ಹೋಗಿ. ಕನ್ನಡದ ಹಾಳೆ ಎಲ್ಲಿ ಎಂದು ಕೇಳಿ. ನರ್ಸ್ ಎದುರಿಗೆ ತಾಯಿ ತಾನೇ ಸಕ್ಷನ್ ಮಾಡಿ, ತಾನೇ ಕೊಳವೆ ಬದಲಿಸಿ ಕಲಿಯುವ ತನಕ ಮಂಚ ಬಿಡಬೇಡಿ. ಹಾಳೆಯ ಖರ್ಚು ಒಂದು ಟೀ ಬೆಲೆಗಿಂತ ಕಡಿಮೆ. ಅಚ್ಚು ಹಾಕುವವನು ಹೇಳುತ್ತಿದ್ದೇನೆ. ಡಾಕ್ಟರು ತಿದ್ದಿ ಸಹಿ ಹಾಕಿಕೊಡಲಿ, ಮೊದಲ ಸಾವಿರ ಪ್ರತಿ ನಮ್ಮ ಪ್ರೆಸ್ಸಿನಿಂದ ಪುಕ್ಕಟೆ!