ನೀರು ಭಾಳ ಸೀ ಅದ ಅಂದ್ರ ಸಾಕೇನ್ರಿ?

ನಮ್ಮ ಬಾಗಲಕೋಟೆ ಕಡೆ ನೀರಿಗೆ ಎರಡೇ ಜಾತಿ. ಬೇಳೆ ಬೇಯದಿದ್ದರೆ, ಸೋಪು ನೊರೆ ಬಾರದಿದ್ದರೆ ಸವಳು. ಇಲ್ಲದಿದ್ದರೆ ಸಿಹಿ. ಹೊಸ ಬೋರ್ ಹೊಡೆದಾಗ ಹಿರಿಯರೊಬ್ಬರು ಬೊಗಸೆಯಲ್ಲಿ ಕುಡಿದು "ಭಾಳ ಸೀ ಅದ" ಅಂದರೆ ಮುಗೀತು, ಅದೇ ಲ್ಯಾಬ್ ರಿಪೋರ್ಟು! ನನ್ನ ಜಗಳ ಇರೋದು ಈ ಸರ್ಟಿಫಿಕೇಟಿನ ಜೊತೆ.

ಇಳಕಲ್, ಹುನಗುಂದದ ನೆಲದಡಿ ಇರುವುದು ಗ್ರಾನೈಟ್. ಇಂಥ ಕಲ್ಲಿನಲ್ಲಿ ಫ್ಲೋರೈಡ್ ಹಿಡಿದಿಟ್ಟುಕೊಂಡ ಖನಿಜಗಳಿರುತ್ತವೆ. ಅದರಲ್ಲೊಂದು ಕ್ಯಾಲ್ಸಿಯಂ ಫ್ಲೋರೈಡ್. ಮಹಾ ಮೊಂಡ ಇದು, ಲೀಟರ್ ಶುದ್ಧ ನೀರಲ್ಲಿ ಕರಗುವುದು ಸುಮಾರು 16 ಮಿಲಿಗ್ರಾಂ ಅಷ್ಟೇ. ಇಷ್ಟೇನಾ ಅನ್ನಬೇಡಿ. ಅದರಲ್ಲಿ ಹತ್ತಿರಹತ್ತಿರ ಅರ್ಧ ಫ್ಲೋರೈಡೇ. ಕುಡಿಯುವ ನೀರಿಗೆ ನಮ್ಮ ಮಾನಕದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಸಿಗದಿದ್ದರೆ 1.5!

ಇನ್ನು ಅಸಲಿ ಮಜಾ ಕೇಳಿ. ನೀರಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಫ್ಲೋರೈಡಿಗೆ ಹೆಚ್ಚು ಜಾಗ ಸಿಗುವುದಿಲ್ಲ, ಎರಡೂ ಸೇರಿ ಮತ್ತೆ ಖನಿಜವಾಗಿ ಕೂತುಬಿಡುತ್ತವೆ. ಆದರೆ ನೀರು ಕಲ್ಲಿನ ಸಂದಿಯಲ್ಲಿ ಬಹಳ ಕಾಲ ನಿಂತು ಸೋಡಿಯಂ, ಬೈಕಾರ್ಬನೇಟ್ ತುಂಬಿಕೊಂಡರೆ ಕ್ಯಾಲ್ಸಿಯಂ ಸುಣ್ಣದಕಲ್ಲಾಗಿ ಬೇರ್ಪಡುತ್ತದೆ. ನೀರು ಮೆದುವಾಯ್ತು, ಬೇಳೆ ಬೆಂತು, ಫ್ಲೋರೈಡಿಗೂ ದಾರಿ ಸಲೀಸಾಯ್ತು. ಸವಳು ನೀರೆಲ್ಲ ಅಮೃತ ಅಂತ ಹೇಳ್ತಿಲ್ಲ. ಆದರೆ ನಾವು ಬೈಯುವ ನೀರಿಗಿಂತ ಹೊಗಳುವ ನೀರೇ ಕೆಟ್ಟದ್ದಾಗಿರಬಹುದು. ಇಷ್ಟು ಫ್ಲೋರೈಡಿಗೆ ರುಚಿಯಿಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ. ನಾಲಿಗೆಗೆ ಏನು ಗೊತ್ತಾಗಬೇಕು?

"ಕುದಿಸಿ ಕುಡೀರಿ" ಅನ್ನೋರು ಬೇರೆ! ಕುದಿಸಿದರೆ ಪಾತ್ರೆಯ ತಳಕ್ಕೆ ಬಿಳಿಯಾಗಿ ಅಂಟುವುದು ಕ್ಯಾಲ್ಸಿಯಂ. ಫ್ಲೋರೈಡ್ ನೀರಲ್ಲೇ ಉಳಿಯುತ್ತದೆ, ನೀರು ಆವಿಯಾದಷ್ಟೂ ದಟ್ಟವಾಗುತ್ತದೆ.

ಸಿಟ್ಟು ಬರೋದು ಮಕ್ಕಳ ವಿಷಯಕ್ಕೆ. ಹಲ್ಲಿನ ಮೇಲೆ ಕಂದು ಗೆರೆ ಕಂಡರೆ "ಹಲ್ಲು ತಿಕ್ಕೋದಿಲ್ಲೇನಲೇ" ಅಂತ ಬೈಗುಳ. ಸ್ವಾಮಿ, ಫ್ಲೋರೈಡಿನ ಗೆರೆ ಬೀಳುವುದು ಹಲ್ಲು ಇನ್ನೂ ವಸಡಿನೊಳಗೆ ಬೆಳೆಯುತ್ತಿರುವಾಗ. ಎಷ್ಟು ತಿಕ್ಕಿದರೂ ಹೋಗಲ್ಲ. ದೊಡ್ಡವರಾದ ಮೇಲೂ ಅದೇ ನೀರು ವರ್ಷಾನುಗಟ್ಟಲೆ ಕುಡಿದರೆ ಬೆನ್ನು, ಮೊಣಕಾಲು ಬಿಗಿಯುತ್ತವೆ. ಆಗ "ವಾತ" ಅಂತ ಎಣ್ಣೆ ಹಚ್ಚುತ್ತೇವೆ.

ಪಕ್ಕದ ಊರಿನ ರಿಪೋರ್ಟೂ ನಂಬಬೇಡಿ. ಬಾದಾಮಿ ಗುಹೆಗಳ ಮರಳುಗಲ್ಲೇ ಬೇರೆ, ಇಳಕಲ್ ಕಲ್ಲೇ ಬೇರೆ. ಕಲ್ಲು ಬದಲಾದರೆ ನೀರೂ ಬದಲು. ಪ್ರತಿ ಬೋರಿನ ಪಕ್ಕ ಫ್ಲೋರೈಡ್ ಎಷ್ಟು, ಯಾವ ತಿಂಗಳು ಪರೀಕ್ಷೆ ಮಾಡಿದ್ದು ಅಂತ ಎರಡು ಸಾಲು ಬರೆಸಲಿ. ಉದ್ಘಾಟನೆ ಮಾಡಿದವರ ಹೆಸರು ಕೆತ್ತಿಸೋಕೆ ಕಲ್ಲು ಸಿಗುತ್ತಲ್ಲ, ಅದೂ ಇಳಕಲ್ ಗ್ರಾನೈಟೇ!